ನಾನು ಎಳೆದ ಮೂವತ್ತು ಗೆರೆಗಳು

ಗೆರೆ ಎಳೆಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚೆನ್ನೈನ ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ ಮೂವತ್ತಮೂರು ವರ್ಷ ಕೂತು ಎದ್ದವನು ನಾನು. ಕಂಪ್ಯೂಟರು ಬರುವ ಮುಂಚೆ ಪುಟದ ನಕ್ಷೆಯನ್ನು ಕೈಯಲ್ಲೇ ಹಾಕುತ್ತಿದ್ದೆವು. ಎಂಟು ಕಾಲಮ್ಮಿಗೆ ಏಳು ಗೆರೆ. ನನ್ನ ಗೆರೆ ಕೂದಲೆಳೆಯಷ್ಟೂ ಓರೆಯಾದದ್ದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ.

ಅಷ್ಟು ವರ್ಷಗಳಲ್ಲಿ ನನ್ನ ಹೆಸರು ಪತ್ರಿಕೆಯಲ್ಲಿ ಒಮ್ಮೆಯೂ ಅಚ್ಚಾಗಲಿಲ್ಲ ಎಂಬುದೂ ದಾಖಲೆಯೇ. ಮೇಜಿನವರಿಗೆ ಬೈಲೈನ್ ಇರುವುದಿಲ್ಲ. ವರದಿಗಾರ ಬರೆದದ್ದನ್ನು ಓರಣ ಮಾಡಿ, ಅವನ ಹೆಸರನ್ನು ದಪ್ಪಕ್ಷರದಲ್ಲಿ ಮೇಲೆ ಕೂರಿಸಿ, ನಾವು ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೋಗುತ್ತೇವೆ. ಅದರ ಬಗ್ಗೆ ನನಗೆ ಏನೂ ಬೇಸರವಿಲ್ಲ.

ಸ್ವಲ್ಪ ಇದೆ.

ನನ್ನ ಹೆಂಡತಿ ಗಿರಿಜಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕಿ. ಅವಳ ವಿಷಯ ಕ್ರೊಮಟಾಗ್ರಫಿ. ಬೆರೆತು ಒಂದಾಗಿರುವ ವಸ್ತುಗಳನ್ನು ಬಿಡಿಸಿ, ಯಾವುದು ಯಾವುದೆಂದು ತೋರಿಸುವ ವಿದ್ಯೆ. ಮೊದಲ ತರಗತಿಯಲ್ಲಿ ಅವಳು ಅದನ್ನು ತಾಂಬರಂ ಲೋಕಲ್ ರೈಲಿನ ಮೂಲಕ ವಿವರಿಸುತ್ತಾಳೆ. ಬೀಚ್ ಸ್ಟೇಷನ್ನಿನಲ್ಲಿ ಎಲ್ಲರೂ ಒಂದೇ ಗಾಡಿ ಹತ್ತುತ್ತಾರೆ. ಆಮೇಲೆ ಒಬ್ಬರು ಎಗ್ಮೋರಿನಲ್ಲಿ ಇಳಿಯುತ್ತಾರೆ, ಒಬ್ಬರು ಮಾಂಬಲದಲ್ಲಿ, ನಮ್ಮಂಥವರು ಕ್ರೋಂಪೇಟೆಯಲ್ಲಿ. ಗಾಡಿ ಎಂದರೆ ದ್ರಾವಕ, ಹಳಿ ಎಂದರೆ ಕಾಗದ, ಪ್ರಯಾಣಿಕರೆಂದರೆ ವಸ್ತುಗಳು. ಯಾರು ಎಲ್ಲಿ ಇಳಿದರು ಎಂದು ನೋಡಿದರೆ ಯಾರು ಯಾರೆಂದು ಗೊತ್ತಾಗುತ್ತದೆ. ಈ ಉದಾಹರಣೆಯನ್ನು ನಾನು ಮನೆಯಲ್ಲಿ ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಕೇಳುವುದಕ್ಕೂ ಕಿವಿಗೊಡುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಮಾತ್ರ ಕಳೆದ ಏಪ್ರಿಲ್‌ನ ಒಂದು ಗುರುವಾರ.

ಮೊದಲು ಬುಧವಾರದ ಕತೆ. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಗಿರಿಜಾ ಕೈಯಲ್ಲೊಂದು ದಪ್ಪ ಲಕೋಟೆ ಹಿಡಿದು ಮನೆಗೆ ಬಂದಳು.

"ನಾಳೆ ಎಂಎಸ್ಸಿಯವರ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿಂದ ಎಕ್ಸಾಮಿನರ್ ಬರ್ತಾರೆ. ಧನಪಾಲ್ ರಜೆ ಹಾಕಿದ್ದಾರೆ, ನಾಳೆ ಮಗಳ ಮದುವೆ. ಈ ಮೂವತ್ತು ಹಾಳೆಗೆ ಗೆರೆ ಹಾಕ್ಲಿಕ್ಕುಂಟು, ಪ್ರಶ್ನೆ ನೋಡ್ಲಿಕ್ಕುಂಟು. ಎಂತ ಮಾಡುದು ಮಾರಾಯ್ರೆ?"

ಧನಪಾಲ್ ಅವಳ ಪ್ರಯೋಗಾಲಯದ ಅಟೆಂಡರ್. ಇಪ್ಪತ್ತು ವರ್ಷಗಳಿಂದ ಅಲ್ಲಿನ ಗಾಜು, ಗೆರೆ, ಬೀಗ ಎಲ್ಲವೂ ಅವರದೇ ಜವಾಬ್ದಾರಿ.

"ಗೆರೆ ತಾನೇ?" ಎಂದೆ. "ಇಲ್ಲಿ ಕೊಡು."

"ನೀವಾ?"

ಈ "ನೀವಾ"ದಲ್ಲಿ ಇದ್ದ ಅನುಮಾನವನ್ನು ನಾನು ಗಮನಿಸಿದೆ. ಗಮನಿಸಿ, ಬದಿಗಿಟ್ಟೆ.

"ಹಾಗಾದ್ರೆ ಸರಿಯಾಗಿ ಕೇಳಿ. ಅಡಿಯಿಂದ ಎರಡು ಸೆಂಟಿಮೀಟರ್ ಬಿಟ್ಟು ಈಚೆ ಅಂಚಿಂದ ಆಚೆ ಅಂಚಿಗೆ ಒಂದು ಗೆರೆ. ಗೆರೆ ಮೇಲೆ ನಾಲ್ಕು ಕಡೆ ಗುಣಿಸುವ ಚಿಹ್ನೆ. ಪೆನ್ಸಿಲ್ ಮಾತ್ರ. ಪೆನ್ನು ಮುಟ್ಲಿಕ್ಕಿಲ್ಲ. ಗ್ಲೌಸ್ ಹಾಕ್ಕೊಳ್ಬೇಕು. ಹಾಳೆ ಅಂಚಲ್ಲಿ ಮಾತ್ರ ಹಿಡೀಬೇಕು."

"ಪೆನ್ಸಿಲ್ಲಾ?"

"ಪೆನ್ಸಿಲ್."

ಯಾಕೆಂದು ಅವಳು ವಿವರಿಸಿದಳು. ನಾನು ಕೇಳಿದೆ. ವ್ಯತ್ಯಾಸವನ್ನು ಈಗಾಗಲೇ ಹೇಳಿದ್ದೇನೆ.

ಪೆನ್ಸಿಲ್ ಎಂದರೆ ನಮ್ಮ ಕಸುಬಿನವರಿಗೆ ಅಷ್ಟಕ್ಕಷ್ಟೆ. ಇಂದು ಬರೆದದ್ದನ್ನು ನಾಳೆ ಯಾರಾದರೂ ಅಳಿಸಿದರೆ ಅದೆಂಥ ದಾಖಲೆ? ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮುಖ್ಯ ಉಪಸಂಪಾದಕರು ಇದಕ್ಕೊಂದು ಪರಿಹಾರ ಇಟ್ಟುಕೊಂಡಿದ್ದರು. ಅದರ ಹೆಸರು ಕಾಪಿಯಿಂಗ್ ಪೆನ್ಸಿಲ್. ಹಿಂದಿನ ಕಾಲದ ಕಚೇರಿಗಳಲ್ಲಿ ಇದ್ದ ವಸ್ತು. ನೋಡಲು ಮಾಮೂಲಿ ಪೆನ್ಸಿಲ್ಲಿನ ಹಾಗೆ. ಬರೆದರೆ ಅದೇ ಬೂದು ಬಣ್ಣ. ಆದರೆ ಅದರೊಳಗೆ ಶಾಯಿಪುಡಿ ಬೆರೆಸಿರುತ್ತಾರೆ. ಒದ್ದೆಯಾದರೆ ನೇರಳೆ ಬಣ್ಣಕ್ಕೆ ತಿರುಗಿ ಜನ್ಮದಲ್ಲಿ ಅಳಿಸಿಹೋಗುವುದಿಲ್ಲ. ಅಂಥ ಐದು ಪೆನ್ಸಿಲ್ಲುಗಳು ಒಂದು ತಗಡಿನ ಡಬ್ಬಿಯಲ್ಲಿ ನನ್ನ ಬಳಿ ಭದ್ರವಾಗಿದ್ದವು.

ಗಿರಿಜಾ ಹೇಳಿದ್ದು ಪೆನ್ಸಿಲ್. ಇದು ಪೆನ್ಸಿಲ್. ಜೊತೆಗೆ ದಾಖಲೆಯೂ ಉಳಿಯುತ್ತದೆ. ಆಜ್ಞೆಯನ್ನು ಇದಕ್ಕಿಂತ ಚೆನ್ನಾಗಿ ಪಾಲಿಸುವುದು ಹೇಗೆ!

ಮೊದಲು ಗ್ಲೌಸ್ ಹಾಕಿಕೊಂಡು ಹಾಳೆ ಎಣಿಸಲು ಕೂತೆ. ಗ್ಲೌಸ್ ಹಾಕಿದ ಕೈಗೆ ಎರಡೆರಡು ಹಾಳೆ ಒಟ್ಟಿಗೇ ಬರುತ್ತಿದ್ದವು. ಎಡಗೈಯದನ್ನು ಹಾಗೇ ಇಟ್ಟು ಬಲಗೈಯದನ್ನು ಮಾತ್ರ ತೆಗೆದೆ. ಅರ್ಧದಷ್ಟಾದರೂ ನಿಯಮ ಪಾಲನೆಯಾಗಲಿ ಎಂದು. ಬಲ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಮೇಲಿನ ಬಲಮೂಲೆಯಿಂದ ಒಂದೊಂದೇ ಹಾಳೆ ಸರಿಸಿದೆ. ಮೂವತ್ತು. ಎರಡು ಕಡೆಯಿಂದ ದೃಢಪಡದ ಸಂಖ್ಯೆಯನ್ನು ನಾವು ಅಚ್ಚುಹಾಕುವವರಲ್ಲ. ಆದ್ದರಿಂದ ಮತ್ತೆ ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ, ಈ ಸಲ ಎಡಮೂಲೆಯಿಂದ ಎಣಿಸಿದೆ. ಮೂವತ್ತೇ.

ನನ್ನ ಬಲ ಹೆಬ್ಬೆರಳಿನ ಮೇಲೆ ಅಡ್ಡಕ್ಕೊಂದು ಗಾಯದ ಗೆರೆಯಿದೆ. ಪುಟ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ ಬ್ಲೇಡು ಕೊಟ್ಟ ಪದಕ. ಇದನ್ನು ಇಲ್ಲಿ ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಆರೂವರೆಗೆ ಕೆಲಸ ಮುಗಿಯಿತು. ಮೂವತ್ತು ಗೆರೆ, ನೂರಿಪ್ಪತ್ತು ಗುಣಿಸುವ ಚಿಹ್ನೆ. ಪೆನ್ಸಿಲನ್ನು ತುಟಿಗಳ ನಡುವೆ ಕಚ್ಚಿಕೊಂಡು, ಯಾವ ತುದಿ ಬಾಯೊಳಗಿದೆ ಎಂಬುದನ್ನೂ ಗಮನಿಸದೆ, ದೂರದಿಂದ ನೋಡಿದೆ. ಅಚ್ಚುಕಟ್ಟು.

ಕಾಫಿ ತಂದ ಗಿರಿಜಾ ಹಾಳೆಗಳನ್ನು ಕಣ್ಣಲ್ಲೇ ಪರೀಕ್ಷಿಸಿದಳು. "ಅಡ್ಡಿಲ್ಲ, ಚಂದ ಹಾಕಿದ್ದೀರಿ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಹೋಯ್, ನಿಮ್ಮ ತುಟಿ ಎಂತ ನೇರಳೆ ಆದದ್ದು?"

"ಬೀಟ್‌ರೂಟ್ ಪಲ್ಯ."

"ಬೀಟ್‌ರೂಟ್ ಮಾಡಿದ್ದು ಮೊನ್ನೆ."

"ಹಾಗಾದರೆ ಮೊನ್ನೆಯದೇ ಇರಬೇಕು."

ನಾನು ಎಂದೂ ಇಂಥ ವಾಕ್ಯವನ್ನು ವರದಿಗಾರರಿಂದ ಒಪ್ಪಿಕೊಂಡವನಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ವಿಭಾಗ ತಲುಪಿದೆವು. ಅವಳ ಕೈಯಲ್ಲಿ ಲಕೋಟೆ, ನನ್ನ ಕೈಯಲ್ಲಿ ಊಟದ ಡಬ್ಬಿ. ಧನಪಾಲ್ ಇಲ್ಲದ ದಿನ ಏನಾದರೂ ಎತ್ತಿ ಇಳಿಸುವುದಿದ್ದರೆ ಇರಲಿ ಎಂದು ನನ್ನನ್ನು ಕರೆತಂದಿದ್ದಳು. "ಕಾರಿಡಾರಲ್ಲಿ ಬೆಂಚುಂಟು. ಅಲ್ಲಿ ಕೂತ್ಕೊಳ್ಳಿ. ಕರೆದ್ರೆ ಮಾತ್ರ ಒಳಗೆ ಬನ್ನಿ" ಎಂಬುದು ಸ್ಪಷ್ಟ ಸೂಚನೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬಳು ವಿದ್ಯಾರ್ಥಿನಿ ಬಾಯಿಪಾಠ ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಸಾರ್, ನೀವು ಮೇಡಂ ಮನೆಯವರಾ? ನಾನು ಪೊನ್ನಿ." ತಮಿಳಿನಲ್ಲೇ ಮಾತಾಡಿದಳು; ನಾನಿಲ್ಲಿ ಕನ್ನಡಕ್ಕೆ ತಿರುಗಿಸಿದ್ದೇನೆ. "ಬ್ಲೆಸ್ ಮಾಡಿ ಸಾರ್. ಸೋಮವಾರ ಮಣಲಿಯ ಫ್ಯಾಕ್ಟರಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಬೇಕು. ಪ್ರಾಕ್ಟಿಕಲ್ ಮುಗಿಯಿತು ಅಂತ ಡಿಪಾರ್ಟ್‌ಮೆಂಟಿನ ಲೆಟರ್ ಕೊಟ್ಟರೆ ಮಾತ್ರ ಒಳಗೆ ಬಿಡುತ್ತಾರೆ. ನಮ್ಮ ಅಪ್ಪ ಷೇರ್ ಆಟೋ ಓಡಿಸುತ್ತಾರೆ. ಈಗಾಗಲೇ ಹತ್ತುವವರಿಗೆ ಇಳಿಯುವವರಿಗೆ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ, ನನ್ನ ಮಗಳು ಸೈಂಟಿಸ್ಟ್ ಅಂತ!"

"ಏನೂ ಹೆದರಬೇಡಮ್ಮ" ಎಂದೆ. "ಹಾಳೆಗಳೆಲ್ಲ ಫಸ್ಟ್‌ಕ್ಲಾಸ್ ಇವೆ. ನಾನೇ ಗೆರೆ ಹಾಕಿದ್ದೇನೆ."

ತಿರುನೆಲ್ವೇಲಿಯಿಂದ ಬಂದ ಎಕ್ಸಾಮಿನರ್ ಡಾ. ಅರಂಗನಾಥನ್ ತೆಳ್ಳಗಿನ ಮನುಷ್ಯ. ಮಾತು ಅದಕ್ಕಿಂತ ತೆಳ್ಳಗೆ. ಇಪ್ಪತ್ತೆರಡು ವಿದ್ಯಾರ್ಥಿಗಳಿಗೆ ಇಪ್ಪತ್ತೆರಡು ಹಾಳೆ ಹಂಚಿದರು. ನಾಲ್ಕು ಗುರುತುಗಳಲ್ಲಿ ಮೂರರ ಮೇಲೆ ಗೊತ್ತಿರುವ ಅಮೈನೋ ಆಮ್ಲಗಳ ಹನಿ, ನಾಲ್ಕನೆಯದರ ಮೇಲೆ ಗುಟ್ಟಿನ ಹನಿ. ಹಾಳೆಯ ಕಾಲನ್ನು ಗಾಜಿನ ಜಾಡಿಯ ದ್ರಾವಕದಲ್ಲಿ ಇಳಿಬಿಟ್ಟರೆ ಗಾಡಿ ಹೊರಡುತ್ತದೆ. ಗುಟ್ಟಿನ ಹನಿಯಲ್ಲಿ ಯಾರಿದ್ದಾರೆಂದು ಪತ್ತೆ ಮಾಡುವುದು ಪರೀಕ್ಷೆ. ಇದನ್ನೆಲ್ಲ ನಾನು ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ.

ಹತ್ತು ಗಂಟೆ ಐದು ನಿಮಿಷಕ್ಕೆ ಪೊನ್ನಿ ಕೈ ಎತ್ತಿದಳು.

"ಸಾರ್, ಒಂದು ಡೌಟ್. ಹನಿ ಬಿದ್ದ ಕೂಡಲೇ ಪೆನ್ಸಿಲ್ ಗುರುತು..."

"ಪರೀಕ್ಷೆಯಲ್ಲಿ ಡೌಟ್ ಇಲ್ಲ. ಕಂಡದ್ದನ್ನು ಬರೆಯಿರಿ."

ಅವಳು ಬರೆದುಕೊಂಡಳು. ಉಳಿದ ಇಪ್ಪತ್ತೊಂದು ಮಂದಿ, ಕಂಡರೂ ಕಾಣದವರ ಹಾಗೆ ಹಾಳೆಗಳನ್ನು ಜಾಡಿಗಿಳಿಸಿದರು.

ಹತ್ತು ನಲವತ್ತಕ್ಕೆ ಗಿರಿಜಾ ಹೊರಗೆ ಬಂದಳು. ಮುಖದಲ್ಲಿ ಬೆವರು.

"ಎಲ್ಲ ಜಾಡಿಯಲ್ಲೂ ನೇರಳೆ ಪಟ್ಟಿ ಮೇಲೆ ಹತ್ತುತ್ತಾ ಉಂಟು ಮಾರಾಯ್ರೆ! ಅಮೈನೋ ಆಮ್ಲಕ್ಕೆ ಬಣ್ಣವೇ ಇಲ್ಲ. ಕಡೆಗೆ ನಿನ್‌ಹೈಡ್ರಿನ್ ಸ್ಪ್ರೇ ಮಾಡಿ ಬಿಸಿ ಮಾಡಿದ ಮೇಲೆ ಬರಬೇಕಾದ ನೇರಳೆ ಇದು. ಈಗಲೇ ಎಲ್ಲಿಂದ ಬಂತು?"

ಟಿಕೆಟ್ ಇಲ್ಲದ ಪ್ರಯಾಣಿಕ!

"ನೀವು ಪೆನ್ಸಿಲಲ್ಲೇ ಹಾಕಿದ್ದಲ್ವಾ?"

"ಪೆನ್ಸಿಲ್ಲೇ. ಆಣೆ ಮಾಡಿ ಹೇಳುತ್ತೇನೆ."

ಇದು ಸತ್ಯ. ಪೂರ್ತಿ ಸತ್ಯವನ್ನೇ ಹೇಳಿ ಓದುಗರನ್ನು ದಾರಿ ತಪ್ಪಿಸುವುದು ಹೇಗೆಂದು ನಾನು ಹೊಸಬರಿಗೆ ಪಾಠ ಮಾಡುತ್ತಿದ್ದೆ. ಅಂದು ತಪ್ಪಿದವನು ಮಾತ್ರ ನಾನೇ. ಆ ಹಾಳೆಯ ಕಾಲು ಒದ್ದೆಯಾಗುತ್ತದೆ ಎಂಬುದೂ, ನನ್ನ ಪೆನ್ಸಿಲ್ಲು ಒದ್ದೆಯಾದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಎರಡೂ ಸುದ್ದಿಗಳು ನನ್ನ ತಲೆಯಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದವು!

"ನೀನು ಒಳಗೆ ಹೋಗು" ಎಂದೆ. "ಮೂಲವನ್ನು ನಾನು ಪತ್ತೆ ಮಾಡುತ್ತೇನೆ."

ಜೇಬಿನಿಂದ ನೋಟ್‌ಬುಕ್ಕು ತೆಗೆದೆ. ಇನ್ನೊಂದು ಜೇಬಿನಿಂದ ಪೆನ್ಸಿಲ್ ತೆಗೆದೆ. ಹೌದು, ಅದೇ ಪೆನ್ಸಿಲ್.

ತನಿಖೆ ಕ್ರಮಬದ್ಧವಾಗಿ ನಡೆಯಿತು. ಕಾವಲುಗಾರನನ್ನು ಕೇಳಿದೆ: ನಿನ್ನೆ ಯಾರಾದರೂ ಅಪರಿಚಿತರು ಬಂದಿದ್ದರೇ? "ನೀವೇ ಸಾರ್, ಇವತ್ತು" ಎಂದ. ಉಗ್ರಾಣದ ಗುಮಾಸ್ತೆಯನ್ನು ಕೇಳಿದೆ: ಕಾಗದ ಎಲ್ಲಿಟ್ಟಿದ್ದಿರಿ? "ಬೀರುವಿನಲ್ಲಿ. ನಿನ್ನೆ ಮೇಡಂ ಮನೆಗೆ ತಗೊಂಡು ಹೋದರು." ಕ್ಯಾಂಟೀನಿನಲ್ಲಿ ಬೀಟ್‌ರೂಟ್ ಪಲ್ಯ ಮಾಡಿದ್ದರೇ ಎಂದು ಕೇಳಿದೆ. ಮಾಡಿರಲಿಲ್ಲ. ಅವರು ನನ್ನನ್ನು ನೋಡಿದ ರೀತಿಯನ್ನು ದಾಖಲಿಸಲಿಲ್ಲ.

ಉಳಿದ ಶಂಕಿತ ಒಬ್ಬರೇ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ, ಸರಿಯಾಗಿ ಇದೇ ದಿನ ರಜೆ ಹಾಕಿದವರು. ಧನಪಾಲ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ನಾದಸ್ವರ ಕಿವಿಗೆ ಬಡಿಯಿತು.

"ಧನಪಾಲ್! ರಾವ್ ಮಾತಾಡುತ್ತಿದ್ದೇನೆ, ಗಿರಿಜಾ ಮೇಡಂ ಮನೆಯವರು. ಹಾಳೆಗಳಲ್ಲಿ ನೇರಳೆ ಬಣ್ಣ ಬರುತ್ತಿದೆ. ನಿಮಗೆ ಏನಾದರೂ ಗೊತ್ತೇ?"

"ಸಾರ್, ಮುಹೂರ್ತಂ ಸಾರ್! ತಾಳಿ ಕಟ್ಟುತ್ತಿದ್ದಾರೆ ಸಾರ್!"

"ಒಂದೇ ಪ್ರಶ್ನೆ."

ಗಟ್ಟಿಮೇಳ ಜೋರಾಯಿತು. ಅದರ ನಡುವೆಯೂ ಆ ಪುಣ್ಯಾತ್ಮ ಒಂದು ಕ್ಷಣ ಯೋಚಿಸಿರಬೇಕು. "ಸಾರ್, ಗೆರೆ ಯಾರು ಹಾಕಿದ್ದು? ಎನ್ನ ಪೆನ್ಸಿಲ್ ಸಾರ್?" ಎಂದು ಕೂಗಿದರು. ತಮಿಳಿನ ಆ 'ಎನ್ನ' ಎಂದರೆ 'ಯಾವ'. ಫೋನ್ ಕಟ್ಟಾಯಿತು.

ಮಗಳಿಗೆ ತಾಳಿ ಕಟ್ಟುವ ಗಳಿಗೆಯಲ್ಲಿ, ಇಪ್ಪತ್ತು ಮೈಲಿ ದೂರದಿಂದ, ಆ ಮನುಷ್ಯ ಪ್ರಕರಣವನ್ನು ಭೇದಿಸಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆ: "ಧನಪಾಲ್ — ಅಸಂಬದ್ಧ ಉತ್ತರ." ಈ ಮಾತನ್ನು ಬರೆದದ್ದೂ ಅದೇ ಪೆನ್ಸಿಲ್ಲಿನಲ್ಲಿ. ಅದರ ಮೇಲೆ ನನ್ನ ಬೆವರಿನ ಹನಿಯೊಂದು ಬಿದ್ದು "ಧನಪಾಲ್" ಎಂಬುದು ನೇರಳೆಯಾಯಿತು. ಶಂಕಿತನ ಹೆಸರು ಎದ್ದು ಕಾಣಲಿ, ಒಳ್ಳೆಯದೇ ಆಯಿತು ಎಂದುಕೊಂಡೆ!

ಒಂದೂವರೆಗೆ ಹಾಳೆಗಳು ಹೊರಬಂದವು. ಪ್ರತಿಯೊಂದರಲ್ಲೂ ಮೇಲ್ತುದಿಯ ಹತ್ತಿರ ಒಂದು ನೇರಳೆ ಪಟ್ಟಿ, ಮದುವೆ ಸೀರೆಯ ಅಂಚಿನಷ್ಟು ಅಗಲ. ನನ್ನ ಪ್ರಯಾಣಿಕ ಹೆಚ್ಚುಕಡಿಮೆ ತಾಂಬರಂವರೆಗೂ ಹೋಗಿದ್ದ. ಅರಂಗನಾಥನ್ ಕನ್ನಡಕ ಸರಿಮಾಡಿಕೊಂಡರು.

"ಪ್ರೊಫೆಸರ್, ಹಾಳೆಗಳೇ ಕೆಟ್ಟಿವೆ. ಪರೀಕ್ಷೆ ರದ್ದು ಮಾಡಬೇಕಾಗುತ್ತದೆ. ಮುಂದಿನ ತಿಂಗಳು ಮತ್ತೆ ಬರುತ್ತೇನೆ."

ಪೊನ್ನಿ ಎದ್ದು ನಿಂತಳು. "ಸಾರ್, ಸೋಮವಾರ ಜಾಯಿನಿಂಗ್ ಸಾರ್..." ಬಾಗಿಲಲ್ಲಿದ್ದ ನನಗೆ ಆ ಷೇರ್ ಆಟೋ ಕಣ್ಣ ಮುಂದೆ ಬಂತು. ಹತ್ತುವವರು, ಇಳಿಯುವವರು.

ಗಿರಿಜಾ ಹೇಳಿದಳು: "ಸಾರ್, ಸ್ಪ್ರೇ ಒಂದು ಮಾಡಿ ನೋಡೋಣ. ಮಕ್ಕಳು ಅಷ್ಟು ಹೊತ್ತು ಕಾದಿದ್ದಾರೆ."

ಸ್ಪ್ರೇ ಮಾಡಿದರು. ಓವನ್ನಿನಲ್ಲಿ ಇಟ್ಟರು. ತೆಗೆದಾಗ ಬರಬೇಕಾದ ಚುಕ್ಕೆಗಳೆಲ್ಲ ಬಂದಿದ್ದವು. ಬರಬಾರದ್ದೂ ಒಂದು ಬಂದಿತ್ತು. ಪ್ರತಿ ಹಾಳೆಯ ಮೇಲಿನ ಎರಡೂ ಮೂಲೆಗಳಲ್ಲಿ, ಸುಳಿ ಸುಳಿಯಾಗಿ, ಒಂದು ಹೆಬ್ಬೆರಳಿನ ಗುರುತು!

"ಮನುಷ್ಯನ ಬೆವರಿನಲ್ಲೂ ಎಂಜಲಿನಲ್ಲೂ ಅಮೈನೋ ಆಮ್ಲ ಇರುತ್ತದೆ" ಎಂದರು ಅರಂಗನಾಥನ್, ಭೂತಗನ್ನಡಿ ಹಿಡಿದು. "ಇಪ್ಪತ್ತೆರಡು ಹಾಳೆಯಲ್ಲೂ ಒಂದೇ ಹೆಬ್ಬೆರಳು. ವಿದ್ಯಾರ್ಥಿಗಳದ್ದಲ್ಲ, ಅವರು ಮುಟ್ಟಿದ್ದು ತಮ್ಮ ತಮ್ಮ ಹಾಳೆ ಮಾತ್ರ. ಯಾರದ್ದು?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಕರೆದರೆ ಮಾತ್ರ ಒಳಗೆ ಬರಬೇಕೆಂಬ ಸೂಚನೆಯೂ ಇತ್ತು. ಆದರೆ ತನಿಖೆಯಲ್ಲಿ ಇಂಥ ಸುಳಿವು ಸಿಕ್ಕಾಗ ಸುಮ್ಮನೆ ಕೂರಲು ಸಾಧ್ಯವೇ? ನೋಟ್‌ಬುಕ್ ಹಿಡಿದು ಒಳಗೆ ನುಗ್ಗಿದೆ.

"ಇದು ಬಹಳ ಸುಲಭ ಡಾಕ್ಟರೇ! ಇಲ್ಲಿರುವ ಎಲ್ಲರ ಹೆಬ್ಬೆರಳೂ ತೆಗೆದುಕೊಳ್ಳಿ. ಯಾರಿಗೂ ವಿನಾಯಿತಿ ಬೇಡ. ಮಾದರಿಗೆ ಮೊದಲು ನನ್ನದೇ ಆಗಲಿ!"

ಗಿರಿಜಾ ನನ್ನ ಕಡೆ ನೋಡಿದಳು. ಆಮೇಲೆ ಹಾಳೆಯ ಕಡೆ. ಆಮೇಲೆ ನನ್ನ ಹೆಬ್ಬೆರಳಿನ ಕಡೆ. ಆಮೇಲೆ ಚಾವಣಿಯ ಕಡೆ.

"ಬೇಡ ಮಾರಾಯ್ರೆ" ಎಂದಳು, ಕನ್ನಡದಲ್ಲಿ, ಮೆಲ್ಲಗೆ.

"ನ್ಯಾಯ ಎಲ್ಲರಿಗೂ ಒಂದೇ" ಎಂದೆ ನಾನು, ತಮಿಳಿನಲ್ಲಿ, ಗಟ್ಟಿಯಾಗಿ.

ಬೀರುವಿನಿಂದ ಹೊಸ ಹಾಳೆ ತೆಗೆದರು. ಅದರ ಮೇಲೆ ಹೆಬ್ಬೆರಳು ಒತ್ತಿದೆ. ಸ್ಪ್ರೇ. ಓವನ್. ಐದು ನಿಮಿಷ. ಇಪ್ಪತ್ತೆರಡು ಮಂದಿ ಸುತ್ತ ನೆರೆದರು. ಹಾಳೆಯಲ್ಲಿ ನೇರಳೆ ಸುಳಿಗಳು ಮೂಡಿದವು. ಸುಳಿಗಳ ನಡುವೆ ಅಡ್ಡಕ್ಕೊಂದು ಬಿಳಿ ಗೆರೆ. ಪರೀಕ್ಷೆಯ ಇಪ್ಪತ್ತೆರಡು ಹಾಳೆಗಳಲ್ಲೂ ಅದೇ ಬಿಳಿ ಗೆರೆ.

ನನ್ನ ಗೆರೆ ಎಂದೂ ಓರೆಯಾದದ್ದಿಲ್ಲ!

"ಎಂಜಲು ಮಾಡಿ ಎಣಿಸಿದ್ರಾ?" ಎಂದಳು ಗಿರಿಜಾ. "ಪರೀಕ್ಷೆಯ ಹಾಳೆಗೆ ಎಂಜಲು?"

"ಎರಡು ಸಲ" ಎಂದೆ. ತಪ್ಪೊಪ್ಪಿಗೆಯಲ್ಲೂ ಸಂಖ್ಯೆ ಸರಿಯಿರಬೇಕು.

ಅರಂಗನಾಥನ್ ಕೈ ಚಾಚಿದರು. ನಾನು ಪೆನ್ಸಿಲ್ ಒಪ್ಪಿಸಿದೆ. ಅವರು ಅದರ ತುದಿಯನ್ನು ನೀರಿಗೆ ಮುಟ್ಟಿಸಿ ಅಂಗೈಯ ಮೇಲೆ ಎಳೆದರು. ಎಳೆದ ಗೆರೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. "ಕಾಪಿಯಿಂಗ್ ಪೆನ್ಸಿಲ್!" ಎಂದರು, ಹಳೆಯ ಗೆಳೆಯನನ್ನು ಕಂಡವರ ಹಾಗೆ. "ನಮ್ಮ ತಂದೆ ರೈಲ್ವೆಯಲ್ಲಿ ಇದರಲ್ಲೇ ಬರೆಯುತ್ತಿದ್ದರು. ಈಗಲೂ ಇದೆಯೇ?"

"ಇನ್ನೂ ನಾಲ್ಕಿವೆ" ಎಂದೆ.

"ಇರಲಿ. ಇಲ್ಲಿಗೆ ತರಬೇಡಿ."

ಯಾರೋ ಕಿಸಕ್ಕೆಂದರು. ನಾನು ಪೊನ್ನಿಯ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ತನ್ನ ನೋಟ್‌ಬುಕ್ಕು ತೆರೆದು ಎಕ್ಸಾಮಿನರ್ ಮುಂದೆ ಇಟ್ಟಳು.

"ಸಾರ್, ಹತ್ತು ಐದಕ್ಕೆ ಬರೆದಿದ್ದೇನೆ. ಹನಿ ಬಿದ್ದ ಕೂಡಲೇ ಪೆನ್ಸಿಲ್ ಗುರುತು ನೇರಳೆಯಾಯಿತು ಅಂತ. ಆಮೇಲೆ ಪಟ್ಟಿ ಹನಿ ಹಾಕದ ಜಾಗದಿಂದಲೂ ಹತ್ತಿತು, ಅಂಚಿಂದ ಅಂಚಿಗೆ. ಹಾಗಾಗಿ ಅದು ನಮ್ಮ ಸ್ಯಾಂಪಲ್ ಅಲ್ಲ, ಗೆರೆಯದ್ದು. ಸ್ಪ್ರೇ ಮಾಡುವ ಮುಂಚೆಯೇ ಅದರ ಸುತ್ತ ನನ್ನ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಅದನ್ನು ಬಿಟ್ಟರೆ ಉಳಿದ ಚುಕ್ಕೆ ಎಲ್ಲ ಸರಿಯಾಗಿವೆ ಸಾರ್. ಉತ್ತರವೂ ಬಂದಿದೆ."

ಸಮಯ, ಸ್ಥಳ, ಮೂಲ, ಪುರಾವೆ. ಒಂದು ಪದ ಹೆಚ್ಚಿಲ್ಲ. ಮೂವತ್ತಮೂರು ವರ್ಷಗಳಲ್ಲಿ ಅಷ್ಟು ಶುದ್ಧವಾದ ವರದಿ ನನ್ನ ಮೇಜಿಗೆ ಬಂದದ್ದು ನೆನಪಿಲ್ಲ. ಪಕ್ಕದಲ್ಲೇ ತೆರೆದಿದ್ದ ನನ್ನ ನೋಟ್‌ಬುಕ್ಕಿನಲ್ಲಿ "ಧನಪಾಲ್ — ಅಸಂಬದ್ಧ ಉತ್ತರ" ಎಂದಿತ್ತು. ಮೆಲ್ಲಗೆ ಮುಚ್ಚಿದೆ.

ಅರಂಗನಾಥನ್ ಎರಡು ಸಲ ಓದಿದರು. ಆಮೇಲೆ ತರಗತಿಗೆ ಹೇಳಿದರು:

"ಪರೀಕ್ಷೆ ರದ್ದಿಲ್ಲ. ಒಂದು ಪ್ರಶ್ನೆ ಹೆಚ್ಚು. ಕ್ರೊಮಟಾಗ್ರಫಿ ಎಂದರೆ ಬೇರ್ಪಡಿಸುವುದು. ನಿಮ್ಮ ಹಾಳೆಯಲ್ಲಿ ಸ್ಯಾಂಪಲ್ ಯಾವುದು, ಈ ಸಾರ್ ಯಾವುದು? ಸಾರನ್ನು ಬೇರ್ಪಡಿಸಿ ತೋರಿಸಿ. ಹತ್ತು ಅಂಕ."

ಒಬ್ಬೊಬ್ಬರೇ ಬಂದು ನನ್ನನ್ನು ಬೇರ್ಪಡಿಸಿದರು. "ಇದು ಲೈಸಿನ್, ಇದು ಗ್ಲೈಸಿನ್, ಇದು ಸಾರಿನ ಪೆನ್ಸಿಲ್, ಇದು ಸಾರಿನ ಎಂಜಲು." ಇಪ್ಪತ್ತೆರಡು ಸಲ. ನಾನು ಅಲ್ಲೇ ನಿಂತಿದ್ದೆ. ಹೋಲಿಸಿ ನೋಡಲು ಹೆಬ್ಬೆರಳು ಬೇಕಾದೀತೆಂದು ಎಕ್ಸಾಮಿನರ್ ಬಿಡಲಿಲ್ಲ! ಎಲ್ಲರಿಗೂ ಹತ್ತಕ್ಕೆ ಹತ್ತು ಬಂತು. ಅಷ್ಟು ಸುಲಭದ ಪ್ರಶ್ನೆ ಅರಂಗನಾಥನ್ ಅವರ ಸರ್ವೀಸಿನಲ್ಲೇ ಇರಲಿಲ್ಲವಂತೆ.

ಸಂಜೆ ನಾಲ್ಕಕ್ಕೆ ಪೊನ್ನಿಗೆ ಪತ್ರ ಸಿಕ್ಕಿತು. ಗೇಟಿನ ಹತ್ತಿರ ಷೇರ್ ಆಟೋ ಕಾದಿತ್ತು. ಒಳಗೆ ನಾಲ್ವರು ಪ್ರಯಾಣಿಕರು, ಎಲ್ಲರೂ ವಿಷಯ ಗೊತ್ತಿದ್ದವರೇ. ಕೈ ಬೀಸುತ್ತ ಹೊರಟವಳು ಆಟೋ ನಿಲ್ಲಿಸಿ ಇಳಿದು ಬಂದು, ತನ್ನ ಪೆನ್ಸಿಲನ್ನು ನನ್ನ ಕೈಗಿಟ್ಟಳು. "ಇಟ್ಟುಕೊಳ್ಳಿ ಸಾರ್. ಇದು ಎಲ್ಲಿಗೂ ಓಡಿಹೋಗುವುದಿಲ್ಲ."

ಭಾನುವಾರ ಧನಪಾಲ್ ಮನೆಗೆ ಬಂದರು, ಮದುವೆಯ ಲಡ್ಡು ತಂದಿದ್ದರು. ನನ್ನನ್ನು ನೋಡಿ ಬೇರೇನೂ ಕೇಳಲಿಲ್ಲ. "ಎನ್ನ ಪೆನ್ಸಿಲ್ ಸಾರ್?" ಎಂದರು, ಅಷ್ಟೇ. ಮುಹೂರ್ತದ ವೀಡಿಯೊದಲ್ಲೂ ಆ ಮಾತು ಸ್ಪಷ್ಟವಾಗಿ ಕೇಳಿಸುತ್ತದಂತೆ. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ವಧುವಿನ ತಂದೆ ಯಾಕೆ ಪೆನ್ಸಿಲ್ ಪೆನ್ಸಿಲ್ ಎನ್ನುತ್ತಿದ್ದಾರೆಂದು ಬೀಗರು ಇನ್ನೂ ಕೇಳುತ್ತಿದ್ದಾರೆ.

ಆ ಹಾಳೆಗಳಲ್ಲಿ ಒಂದಕ್ಕೆ ಗಿರಿಜಾ ಚೌಕಟ್ಟು ಹಾಕಿಸಿ ಪ್ರಯೋಗಾಲಯದ ಬಾಗಿಲ ಬಳಿ ತೂಗುಹಾಕಿದ್ದಾಳೆ. ಪ್ರತಿ ಹೊಸ ತಂಡದ ಮೊದಲ ಪಾಠ ಈಗ ತಾಂಬರಂ ಲೋಕಲ್ ಅಲ್ಲ; ನಾನು. ನೇರಳೆ ಪಟ್ಟಿ, ಎರಡು ಹೆಬ್ಬೆರಳು, ನಡುವೆ ಬಿಳಿ ಗೆರೆ. ಮೊನ್ನೆ ಊಟದ ಡಬ್ಬಿ ಕೊಡಲು ಹೋದಾಗ ಹತ್ತಿರ ಹೋಗಿ ನೋಡಿದೆ. ಕೆಳಗೊಂದು ಚೀಟಿ ಅಂಟಿಸಿದ್ದಳು. ಅದರಲ್ಲಿ ನನ್ನ ಪೂರ್ತಿ ಹೆಸರಿತ್ತು. ಎದೆ ಸ್ವಲ್ಪ ಉಬ್ಬಿತು. ಎಷ್ಟೇ ಆದರೂ ಮೂವತ್ತಮೂರು ವರ್ಷ ಕಾದ ಬೈಲೈನ್!

ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದೆ.

ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ಅಳಿಸಿದರೆ ಹೋಗುವ ಮಾಮೂಲಿ ಪೆನ್ಸಿಲ್.